ಬಡಿಗನ ಯಂತ್ರಕ್ಕೆ ಹನಿ ಎಣ್ಣೆ

ಗಾಡಿ ಹೂಡುವ ಮೊದಲು ಅಚ್ಚಿಗೆ ಕೀಲೆಣ್ಣೆಯನ್ನು ಹಾಕಬೇಕೆಂಬುದನ್ನು ನಮ್ಮ ಒಕ್ಕಲು ಮಕ್ಕಳಿಗೆ ಯಾವ ಶಾಲೆಯಲ್ಲಿಯೂ ಕಲಿಸಿದುದಿಲ್ಲ. ತಂದೆ ಮಾಡಿದುದನ್ನು ನೋಡಿ ಮಗನು ಕಲಿತನು. ಮಸಿ ಕಲಸಿದ ಔಡಲೆಣ್ಣೆಯ ಗೊಟ್ಟವು ಗಾಡಿಯ ಕೆಳಗೆ ತೂಗುತ್ತಲೇ ಇರುತ್ತಿತ್ತು. ಎಣ್ಣೆ ಕಾಣದ ಗಾಲಿಯು ಕಿರುಗುಟ್ಟಿದರೆ ದಾರಿಯಲ್ಲಿ ಎದುರಾದವನು ಸಹ ಗಾಡಿಯವನನ್ನು ಗದರಿಸದೆ ಬಿಡುತ್ತಿರಲಿಲ್ಲ. ಏಕೆಂದರೆ ಆ ಸದ್ದಿನ ಭಾರವೆಲ್ಲವೂ ಎತ್ತಿನ ಹೆಗಲ ಮೇಲೆ ಬೀಳುವುದೆಂಬುದನ್ನು ಎಲ್ಲರೂ ಬಲ್ಲವರಾಗಿದ್ದರು. ಎತ್ತಿನ ಬದಲು ವಿದ್ಯುತ್ತು ದುಡಿಯತೊಡಗಿದ ಮೇಲೆ ನಮ್ಮಲ್ಲಿ ಈ ಕನಿಕರವು ಕಡಿಮೆಯಾಯಿತು. ಯಂತ್ರಕ್ಕೆ ಜೀವವಿಲ್ಲ, ಆದುದರಿಂದ ನೋವೂ ಇಲ್ಲವೆಂದು ತಿಳಿದೆವು. ಯಂತ್ರಕ್ಕೆ ನೋವಿಲ್ಲದಿರಬಹುದು; ಅದನ್ನು ನಂಬಿದ ಸಂಸಾರಕ್ಕೆ ನೋವುಂಟು. ಇದನ್ನು ನಾವು ಗಿಣಿಗೇರಾದ ಒಬ್ಬ ಬಡಿಗರ ಅಂಗಡಿಯಲ್ಲಿ ಕಣ್ಣಾರೆ ಕಂಡೆವು. ಅಲ್ಲಿ ಕಂಡುದನ್ನೂ ಕಲಿತುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಿಂತುಹೋದ ಯಂತ್ರ

ಗಿಣಿಗೇರಾ ಊರು ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿದೆ. ಗದಗಿನಿಂದ ಗುಂತಕಲ್ಲಿಗೆ ಹೋಗುವ ರೈಲುಹಾದಿಯೂ ಇದರ ಮಗ್ಗುಲಲ್ಲಿಯೇ ಹಾಯ್ದಿದೆ. ಗಂಗಾವತಿಯ ಕಡೆಗೆ ಹೋಗುವ ಹೊಸ ರೈಲುಹಾದಿಯು ಕವಲೊಡೆಯುವುದೂ ಇಲ್ಲಿಯೇ. ಈ ಸೀಮೆಯು ೧೯೪೮ರ ವರೆಗೆ ನಿಜಾಮರ ರಾಜ್ಯದಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಕೊಪ್ಪಳವು ತಾನೇ ಒಂದು ಜಿಲ್ಲೆಯಾಯಿತು. ಒಂದು ಕಾಲಕ್ಕೆ ಜೋಳ, ಸಜ್ಜೆಗಳ ಹೊಲಗಳೇ ಕಾಣುತ್ತಿದ್ದ ಈ ಊರಿನ ಸುತ್ತ ಈಗ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳ ಚಿಮಿಣಿಗಳು ಎದ್ದಿವೆ. ಕೆಂಪು ಅದಿರಿನ ಲಾರಿಗಳೂ ಕರಿಯ ಧೂಳೂ ಇಲ್ಲಿನವರಿಗೆ ಹೊಸತಲ್ಲ.

ಮನೆಯ ತಲೆಬಾಗಿಲು ಗೆದ್ದಲು ಹಿಡಿದುದರಿಂದ, ಹೊಸ ಬಾಗಿಲಿಗೆಂದು ಸಾಗವಾನಿಯ ಹಲಗೆಗಳನ್ನು ಕೊಂಡು ಈ ಊರಿನ ಒಬ್ಬ ಬಡಿಗರಲ್ಲಿ ಕೊಟ್ಟಿದ್ದೆವು. ದಸರೆಗೆ ಮುಂಚೆ ಬಾಗಿಲು ಕೂಡಬೇಕಾಗಿತ್ತು. ಹೇಳಿದ ದಿನ ಹೋಗಿ ನೋಡಲು ಹಲಗೆಗಳು ಇಟ್ಟಲ್ಲಿಯೇ ಇದ್ದವು. ಅಂಗಡಿಯಲ್ಲಿ ಸದ್ದಿಲ್ಲ. ಸುಟ್ಟ ಎಣ್ಣೆಯ ನಾತ ಮಾತ್ರ ತುಂಬಿಕೊಂಡಿತ್ತು.

“ಕೆಲಸ ನಿಂತೈತ್ರಿ, ಯಜಮಾನ್ರ. ರಂಧಾ ಮಷೀನಿನ ಬೇರಿಂಗ ಸುಟ್ಟಾವು” ಎಂದು ಅಂಗಡಿಯ ಮಗನು ತಲೆ ತಗ್ಗಿಸಿ ಹೇಳಿದನು.

ಉಜ್ಜುಗೊರಡನ್ನು ನಮ್ಮ ಕಡೆಯ ಬಡಿಗರು ರಂಧಾ ಎನ್ನುತ್ತಾರೆ. ಆ ಕೆಲಸವನ್ನು ಮಾಡುವ ಯಂತ್ರವು ಬೀಡುಕಬ್ಬಿಣದ್ದು. ಒಂದು ದನದಷ್ಟು ಭಾರವಾದುದು. ಇಂದಿನ ಯಂತ್ರಗಳಂತೆ ಗುಂಡಿನ ಬೇರಿಂಗುಗಳು ಅದಕ್ಕಿಲ್ಲ. ತಿರುಗುವ ಉಕ್ಕಿನ ದಂಡವು ಮೆತ್ತನೆಯ ಬಿಳಿಯ ಲೋಹದ ತೊಟ್ಟಿಲಲ್ಲಿ ಕುಳಿತಿರುವುದು. ಮೇಲಿನ ಹಿತ್ತಾಳೆಯ ಬಟ್ಟಲಿನಿಂದ ಎಣ್ಣೆಯು ಹನಿಹನಿಯಾಗಿ ಇಳಿಯುವುದು. ಮಗನ ತಂದೆಯವರು, ಅಂಗಡಿಯ ಹಿರಿಯರು, ತಮ್ಮ ಮದುವೆಯಾದ ಮರುವರ್ಷ ಇದನ್ನು ಹಳೆಯದಾಗಿಯೇ ಕೊಂಡು ತಂದರಂತೆ. ಮೂವರು ಹೆಣ್ಣುಮಕ್ಕಳ ಮದುವೆಯೂ ಒಂದು ಮನೆಯೂ ಈ ಯಂತ್ರದ ದುಡಿಮೆಯಿಂದಲೇ ಆದವು.

“ಇನ್ನ ಇದನ್ನ ಇಟ್ಕೊಂಡು ಏನ್ ಮಾಡೂದ್ರಿ? ಗುಜರಿಗೆ ಹಾಕಿದ್ರ ಕಿಲೋದ ಲೆಕ್ಕದಾಗ ನಾಕು ದುಡ್ಡರ ಬರ್ತಾವು. ಸಾಲ ಮಾಡಿ ಹೊಸಾದು ತರೂದ” ಎಂದನು ಮಗ.

ಮೂಲೆಯಲ್ಲಿ ಕುಳಿತಿದ್ದ ಅಜ್ಜನವರು ಅಷ್ಟು ಹೊತ್ತಿನವರೆಗೆ ಮಾತನಾಡಿರಲಿಲ್ಲ. “ತಮ್ಮಾ, ಎತ್ತು ಕುಂಟಿದ್ರ ಸಂತಿಗೆ ಹೊಡಕೊಂಡು ಹೋಗೂಕಿಂತ ಮುಂಚೆ ಗೊರಸು ಎತ್ತಿ ನೋಡಬೇಕೋ ಬ್ಯಾಡೋ?” ಎಂದು ಕೇಳಿ, ಪಾನೆಯನ್ನು ಕೈಗೆ ತೆಗೆದುಕೊಂಡರು.

ಗೊರಸು ಎತ್ತಿ ನೋಡಿದಾಗ

ಬೇರಿಂಗಿನ ಮೇಲಿನ ಟೊಪ್ಪಿಗೆಯನ್ನು ಬಿಚ್ಚಿದಾಗ ಎಲ್ಲವೂ ತಿಳಿಯಿತು. ಎಣ್ಣೆ ಹರಿದಾಡಬೇಕಾದ ಗಾಡಿಯಲ್ಲಿ ಬೆಲ್ಲದ ಪಾಕದಂತಹ ಕಂದುಬಣ್ಣದ ಅಂಟು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚಿತ್ತು. ಅದರಲ್ಲಿ ಕೆಂಗಪ್ಪು ಬಣ್ಣದ ಪುಡಿಯು ಸಿಕ್ಕಿಕೊಂಡಿತ್ತು. ಒಂದು ಕಡೆಯ ಬಿಳಿಯ ಲೋಹವು ಕರಗಿ ಅಂಚಿಗೆ ಹರಿದಿತ್ತು.

ವಿಚಾರಿಸಲು, ಹಿಂದಿನ ವಾರ ಯಂತ್ರದ ಎಣ್ಣೆ ತೀರಿದ್ದಿತೆಂದೂ, ಕೈಕೆಲಸದ ಹುಡುಗನು ಅಡಿಗೆಮನೆಯಿಂದ ಕುಸುಬೆ ಎಣ್ಣೆಯನ್ನು ತಂದು ಬಟ್ಟಲಿಗೆ ಸುರಿದಿದ್ದನೆಂದೂ ಹೊರಬಿದ್ದಿತು. ಎಣ್ಣೆಯೆಂದರೆ ಎಣ್ಣೆಯೇ ಅಲ್ಲವೆ ಎಂದು ಆ ಬಡ ಹುಡುಗನು ಎಣಿಸಿದನು. ಅವನನ್ನು ದೂರಿ ಫಲವಿಲ್ಲ. ಹೊಲಿಗೆಯ ಯಂತ್ರಕ್ಕೆ ಕೊಬ್ಬರಿ ಎಣ್ಣೆಯನ್ನು ಹಾಕುವ ಗೃಹಿಣಿಯರೂ, ಬಾಗಿಲ ಕೀಲಿಗೆ ಕರಿದು ಉಳಿದ ಎಣ್ಣೆಯನ್ನು ಸವರುವ ಯಜಮಾನರೂ ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆದುದರಿಂದ ಎಣ್ಣೆಯು ಏನು ಮಾಡುವುದೆಂಬುದನ್ನು ಮೊದಲು ತಿಳಿಯುವುದು ಯುಕ್ತ.

ಎಣ್ಣೆಯ ಕೆಲಸ

ಕಣ್ಣಿಗೆ ನುಣ್ಣಗೆ ಕಾಣುವ ಲೋಹವೂ ನಿಜವಾಗಿ ನುಣ್ಣಗಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಬೆಟ್ಟಗುಡ್ಡಗಳು ಕಾಣುವುವು. ಎರಡು ಲೋಹಗಳು ಒಂದರ ಮೇಲೊಂದು ಜಾರುವಾಗ ಈ ಗುಡ್ಡಗಳು ಒಂದನ್ನೊಂದು ತಾಕಿ, ಕಿತ್ತು, ಕಾಯುವುವು. ಎಣ್ಣೆಯು ಇವೆರಡರ ನಡುವೆ ಹೊಕ್ಕು ಅವುಗಳನ್ನು ಬೇರೆಯಾಗಿ ಇಡುವುದು. ಆಗ ಲೋಹವು ಲೋಹದ ಮೇಲೆ ಜಾರದೆ ಎಣ್ಣೆಯ ಪದರವು ಎಣ್ಣೆಯ ಪದರದ ಮೇಲೆ ಜಾರುವುದು.

ಈ ರಹಸ್ಯವು ಬಯಲಾದ ಕತೆಯು ಸ್ವಾರಸ್ಯವಾಗಿದೆ. ೧೮೮೩ರ ಸುಮಾರಿಗೆ ಬೀಚಮ್ ಟವರ್ ಎಂಬ ಆಂಗ್ಲ ಯಂತ್ರಶಿಲ್ಪಿಯು ರೈಲುಗಾಡಿಯ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆಯಿಸಿದನು. ಯಂತ್ರವು ತಿರುಗಿದೊಡನೆ ಎಣ್ಣೆಯು ಆ ರಂಧ್ರದೊಳಕ್ಕೆ ಇಳಿಯುವುದಕ್ಕೆ ಬದಲಾಗಿ ಮೇಲಕ್ಕೆ ಉಕ್ಕಿತು. ಬೆಣೆಯನ್ನು ಬಡಿದು ಮುಚ್ಚಿದರೆ ಬೆಣೆಯೇ ಹೊರಕ್ಕೆ ಬಂದಿತು! ತಿರುಗುವ ದಂಡವು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಹೋಗಿ, ಇಕ್ಕಟ್ಟಿನ ಸಂದಿನಲ್ಲಿ ಒತ್ತಿ, ಆ ಒತ್ತಡದ ಮೇಲೆ ತಾನೇ ತೇಲುವುದೆಂದು ಆಗ ತಿಳಿಯಿತು. ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ೧೮೮೬ರಲ್ಲಿ ಇದರ ಗಣಿತವನ್ನು ಬರೆದನು. ಕೂದಲಿಗಿಂತಲೂ ಎಷ್ಟೋ ತೆಳುವಾದ ಎಣ್ಣೆಯ ಹಾಳೆಯ ಮೇಲೆ ಮಣಗಟ್ಟಲೆ ಭಾರವು ತೇಲುವುದೆಂದರೆ ಆಶ್ಚರ್ಯವಲ್ಲವೆ?

ಇದರಿಂದ ಎರಡು ಸಂಗತಿಗಳನ್ನು ಗ್ರಹಿಸಬೇಕು. ದಂಡವು ತಿರುಗುತ್ತಿರುವಾಗಲೇ ಈ ಹಾಳೆಯು ನಿಲ್ಲುವುದು. ಯಂತ್ರವನ್ನು ಹೊರಡಿಸುವಾಗಲೂ ನಿಲ್ಲಿಸುವಾಗಲೂ ಅದು ಇರುವುದಿಲ್ಲ. ಆದುದರಿಂದ ಸವೆತವು ಹೆಚ್ಚಾಗಿ ಆಗುವುದು ಹೊರಡಿಸುವ ಆ ಕ್ಷಣದಲ್ಲಿ. ಇದು ಮೊದಲನೆಯದು. ಹಾಳೆಯು ಇಷ್ಟು ತೆಳುವಾಗಿರುವುದರಿಂದ, ಅದಕ್ಕಿಂತ ದಪ್ಪವಾದ ಒಂದು ಧೂಳಿನ ಕಣವು ಹೊಕ್ಕರೂ ಎರಡು ಕಡೆಯ ಲೋಹವನ್ನು ಗೀರುವುದು. ಇದು ಎರಡನೆಯದು.

ಇನ್ನು ಲೆಕ್ಕವನ್ನು ನೋಡೋಣ. ರಂಧಾ ಯಂತ್ರದ ದಂಡವು ನಿಮಿಷಕ್ಕೆ ೪,೦೦೦ ಸುತ್ತು ತಿರುಗಿದರೆ ಎಂಟು ಗಂಟೆಯಲ್ಲಿ ೧೯,೨೦,೦೦೦ ಸುತ್ತುಗಳಾದವು. ಐದು ಅಡಿ ವ್ಯಾಸದ ಗಾಡಿಯ ಗಾಲಿಯು ಅಷ್ಟು ಸುತ್ತು ತಿರುಗಿದರೆ ೯,೦೦೦ ಕಿಲೋಮೀಟರಿಗೂ ಹೆಚ್ಚು ದೂರ ಹೋಗುವುದು. ಅಂದರೆ ನಮ್ಮ ಬಡಿಗನ ಯಂತ್ರವು ಒಂದೇ ದಿನದಲ್ಲಿ ಗಿಣಿಗೇರಾದಿಂದ ಕಾಶಿಗೆ ಎರಡು ಸಲ ಹೋಗಿ ಬಂದು ಇನ್ನೂ ಮುಂದೆ ನಡೆಯುವುದು! ಇಂತಹ ಯಾತ್ರಿಕನಿಗೆ ನಾಲ್ಕು ಹನಿ ಎಣ್ಣೆಯನ್ನು ಕೊಡಲು ಬೇಸರಪಡುವುದು ಧರ್ಮವೆ?

ಯಾವ ಎಣ್ಣೆ ಸಲ್ಲುವುದು, ಯಾವುದು ಸಲ್ಲದು

ಅಗಸೆ, ಕುಸುಬೆಗಳ ಎಣ್ಣೆಗಳು ಗಾಳಿಯೊಡನೆ ಕೂಡಿ ಒಣಗುವ ಜಾತಿಯವು. ತೆಳುವಾಗಿ ಸವರಿದರೆ ಕೆಲವು ದಿನಗಳಲ್ಲಿ ಅಂಟಾಗಿ, ಬಳಿಕ ಚರ್ಮದಂತೆ ಬಿಗಿಯುವುವು. ಬಾಗಿಲಿಗೆ ಬಣ್ಣ ಬಳಿಯುವಾಗ ಈ ಗುಣವೇ ನಮಗೆ ಬೇಕಾದುದು. ಬೇರಿಂಗಿನಲ್ಲಿ ಇದೇ ಗುಣವು ವಿಷ. ಕೊಬ್ಬರಿ ಎಣ್ಣೆಯು ಚಳಿಯಲ್ಲಿ ಹೆಪ್ಪುಗಟ್ಟುವುದು, ಹಳತಾದರೆ ಹುಳಿಯುವುದು. ಔಡಲೆಣ್ಣೆಯು ಹಾಗೆ ಒಣಗುವುದಿಲ್ಲ. ದಪ್ಪನಾಗಿ ಲೋಹವನ್ನು ಬಿಡದೆ ಅಪ್ಪಿಕೊಂಡಿರುವುದು. ನಮ್ಮ ಹಿರಿಯರು ಗಾಡಿಗೆ ಅದನ್ನೇ ಆರಿಸಿದುದು ಅನುಭವದ ಜಾಣತನ. ಮೊದಲನೆಯ ಮಹಾಯುದ್ಧದ ವಿಮಾನಗಳ ತಿರುಗುವ ಎಂಜಿನುಗಳಿಗೂ ಇದೇ ಔಡಲೆಣ್ಣೆಯನ್ನು ಹಾಕುತ್ತಿದ್ದರೆಂಬುದನ್ನು ವಾಚಕರು ಕೇಳಿ ಸಂತೋಷಪಡಬಹುದು. ಆದರೆ ಹೆಚ್ಚು ಶಾಖದಲ್ಲಿ ಬಹುಕಾಲ ನಿಂತರೆ ಅದೂ ಅಂಟಾಗುವುದು. ಖನಿಜದ ಎಣ್ಣೆಯೊಡನೆ ಚೆನ್ನಾಗಿ ಬೆರೆಯುವುದೂ ಇಲ್ಲ. ಆದುದರಿಂದ ವೇಗದ ಯಂತ್ರಗಳಿಗೆ ಶುದ್ಧವಾದ ಖನಿಜದ ಎಣ್ಣೆಯೇ ತಕ್ಕುದು.

ಇಂತಹ ಎಣ್ಣೆಯ ಡಬ್ಬಿಗಳ ಮೇಲೆ ೩೨, ೪೬, ೬೮ ಎಂಬ ಅಂಕೆಗಳು ಇರುವುವು. ಇವು ೪೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಎಣ್ಣೆಯು ಎಷ್ಟು ಮಂದವಾಗಿರುವುದೆಂಬುದನ್ನು ತಿಳಿಸುವುವು. ಅಂಕೆಯು ಹೆಚ್ಚಿದಂತೆ ಎಣ್ಣೆಯು ಮಂದ. ವೇಗವಾಗಿ ತಿರುಗುವ ದಂಡಕ್ಕೆ ೩೨ ಅಥವಾ ೪೬, ನಿಧಾನವಾಗಿ ತಿರುಗುವ ದಪ್ಪ ದಂಡಕ್ಕೆ ೬೮ ಎಂಬುದು ಸಾಮಾನ್ಯ ನಿಯಮ. ಲಾರಿ, ಮೋಟಾರುಗಳಿಂದ ಇಳಿಸಿದ ಕರಿಯ ಎಣ್ಣೆಯು ಅಗ್ಗವೆಂದು ಅನೇಕರು ಹಾಕುವರು. ಅದರಲ್ಲಿ ಮಸಿಯೂ, ಲೋಹದ ಪುಡಿಯೂ, ಆಮ್ಲವೂ ಇರುವುವು. ತೊಳೆದ ಪಾತ್ರೆಯ ನೀರನ್ನು ಕುಡಿಯಲು ಕೊಟ್ಟ ಹಾಗೆ ಇದು.

ಗುಂಡಿನ ಬೇರಿಂಗುಗಳ ಮಾತು ಬೇರೆ. ಅವಕ್ಕೆ ಗ್ರೀಸು ಬೇಕು. ಗ್ರೀಸೆಂದರೆ ಸಾಬೂನಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆಯೇ ಹೊರತು ಬೇರೆಯಲ್ಲ. ಬೇರೆ ಬೇರೆ ಸಾಬೂನುಗಳಿಂದಾದ ಗ್ರೀಸುಗಳನ್ನು ಬೆರಸಿದರೆ ಕೆಲವು ಒಂದಕ್ಕೊಂದು ಹೊಂದದೆ ನೀರಾಗಿ ಹರಿದುಹೋಗುವುದುಂಟು. ಆದುದರಿಂದ ಒಂದೇ ಜಾತಿಯನ್ನು ಹಿಡಿಯಬೇಕು. ಬದಲಿಸುವುದಾದರೆ ಹಳೆಯದನ್ನು ಪೂರ್ತಿ ತೊಳೆಯಬೇಕು. ಬೇರಿಂಗಿನ ಒಳಗಣ ಬಯಲಿನ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಗ್ರೀಸು ಸಾಕು. ತುಂಬ ತುರುಕಿದರೆ ಅದು ಕಡೆದು ಕಡೆದು ಕಾಯುವುದು. ಹೊಟ್ಟೆ ಬಿರಿಯುವಂತೆ ಉಂಡವನು ಓಡಲಾರನಷ್ಟೆ!

ಧೂಳೆಂಬ ಶತ್ರು

ಬಡಿಗನ ಅಂಗಡಿಯಲ್ಲಿ ಮರದ ಹೊಟ್ಟು ಇದ್ದೇ ಇರುವುದು. ಅದು ಎಣ್ಣೆಯನ್ನು ಬತ್ತಿಯಂತೆ ಹೀರಿ ಬೇರಿಂಗನ್ನು ಒಣಗಿಸುವುದು. ಗಿಣಿಗೇರಾದಂತಹ ಊರಿನಲ್ಲಿ ಇದರೊಡನೆ ಅದಿರಿನ ಧೂಳೂ ಕೂಡುವುದು. ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಕ್ಕಸಾಲಿಗರು ಒಡವೆಗಳಿಗೆ ಮೆರುಗು ಕೊಡುವುದಕ್ಕೆ ಉಪಯೋಗಿಸುವುದುಂಟು. ಅಂದರೆ ಅದು ಲೋಹವನ್ನು ಉಜ್ಜಿ ತೆಗೆಯಬಲ್ಲುದು. ಮೆತ್ತನೆಯ ಬಿಳಿಯ ಲೋಹವು ಇಂತಹ ಕೆಲವು ಕಣಗಳನ್ನು ತನ್ನೊಳಗೆ ನುಂಗಿಕೊಂಡು ದಂಡವನ್ನು ಕಾಪಾಡುವುದು. ಆದರೆ ಕಣಗಳು ಮಿತಿಮೀರಿದಾಗ ಆ ಮೆತ್ತನೆಯ ತೊಟ್ಟಿಲೇ ಒಂದು ಅರವಾಗಿ ದಂಡವನ್ನು ತಿನ್ನತೊಡಗುವುದು. ಅಜ್ಜನವರು ದಂಡದ ಮೇಲೆ ಉಗುರನ್ನು ಎಳೆದು ನಮಗೆ ತೋರಿಸಿದರು. ಉಗುರು ಸಣ್ಣ ಗೀರುಗಳಲ್ಲಿ ತಡೆದು ತಡೆದು ಸಾಗಿತು.

ಆದುದರಿಂದ ಎಣ್ಣೆಯ ಬಟ್ಟಲಿಗೆ ಮುಚ್ಚಳವಿರಲೇಬೇಕು. ಮುಚ್ಚಳವು ಕಳೆದಿದ್ದರೆ ಚರ್ಮದ ತುಂಡನ್ನಾದರೂ ಕಟ್ಟಬೇಕು. ಎಣ್ಣೆ ಹಾಕುವ ಮೊದಲು ಬಾಯಿಯನ್ನು ಬಟ್ಟೆಯಿಂದ ಒರಸಬೇಕು. ಇಲ್ಲವಾದರೆ ಎಣ್ಣೆಯೊಡನೆ ಧೂಳನ್ನೂ ನಾವೇ ಒಳಗೆ ತಳ್ಳಿದಂತಾಗುವುದು. ಗಾಳಿಯ ಕೊಳವೆಯಿಂದ ಧೂಳನ್ನು ಊದುವ ರೂಢಿಯು ಈಗ ಹೆಚ್ಚಾಗಿದೆ. ಬೇರಿಂಗಿನ ಕಡೆಗೆ ಊದಿದರೆ ಧೂಳು ಹೊರಕ್ಕೆ ಬಾರದೆ ಒಳಕ್ಕೆ ನುಗ್ಗುವುದು. ಕುಂಚದಿಂದ ಗುಡಿಸುವುದೇ ಮೇಲು. ಮರದ ಧೂಳು ಯಂತ್ರಕ್ಕೆ ಮಾತ್ರವಲ್ಲ, ಮನುಷ್ಯನಿಗೂ ಕೆಡುಕು. ಅದು ಮೂಗಿನಲ್ಲಿ ಅರ್ಬುದ ರೋಗವನ್ನು ಹುಟ್ಟಿಸಬಲ್ಲುದೆಂದು ವೈದ್ಯರು ನಿಶ್ಚಯಿಸಿದ್ದಾರೆ. ಮೂಗಿಗೆ ತಕ್ಕ ಮುಸುಕನ್ನು ಕಟ್ಟದೆ ಕೆಲಸಕ್ಕೆ ನಿಲ್ಲಬಾರದು.

ಹಣತೆಯ ಮಸಿ

ಕರಗಿದ ಬೇರಿಂಗನ್ನು ಮತ್ತೆ ಎರೆಯುವುದನ್ನು ನೋಡಲು ನಾವು ಎರಡು ದಿನ ಬಿಟ್ಟು ಮತ್ತೆ ಹೋದೆವು. ಈ ಬಿಳಿಯ ಲೋಹಕ್ಕೆ ಬಬ್ಬಿಟ್ ಎಂದು ಹೆಸರು. ಅಮೆರಿಕೆಯ ಐಸಾಕ್ ಬಬ್ಬಿಟ್ ಎಂಬವನು ೧೮೩೯ರಲ್ಲಿ ಇದನ್ನು ಕಂಡುಹಿಡಿದನು. ತವರವೇ ಇದರಲ್ಲಿ ಮುಖ್ಯ. ಅದಕ್ಕೆ ಆಂಟಿಮನಿಯೂ ತಾಮ್ರವೂ ಸೇರಿರುವುವು. ಸುಮಾರು ೨೪೦ ಡಿಗ್ರಿ ಶಾಖದಲ್ಲಿಯೇ ಇದು ಕರಗತೊಡಗುವುದರಿಂದ ಹಳ್ಳಿಯ ಕುಲುಮೆಯಲ್ಲಿಯೂ ಎರೆಯಬಹುದು.

ಅಜ್ಜನವರು ಹಳೆಯ ಲೋಹವನ್ನು ತೆಗೆದು, ಮನೆಯನ್ನು ಸೀಮೆಎಣ್ಣೆಯಿಂದ ತೊಳೆದು, ಬೆಚ್ಚಗೆ ಕಾಯಿಸಿದರು. ಒಂದು ಹನಿ ನೀರು ಒಳಗಿದ್ದರೂ ಕರಗಿದ ಲೋಹವು ಸಿಡಿದು ಕಣ್ಣನ್ನು ಕಳೆಯುವುದು. ಅದಕ್ಕೋಸ್ಕರವೇ ಈ ಕಾಯಿಸುವಿಕೆ. ಬಳಿಕ ಒಂದು ಹಣತೆಯನ್ನು ಹಚ್ಚಿ, ಅದರ ಹೊಗೆಗೆ ದಂಡವನ್ನು ಹಿಡಿದು ಮಸಿಯನ್ನು ಕೂಡಿಸಿದರು. ಮಸಿಯಿದ್ದರೆ ಎರೆದ ಲೋಹವು ದಂಡಕ್ಕೆ ಅಂಟುವುದಿಲ್ಲವಂತೆ. ಮಗುವಿಗೆ ಕಾಡಿಗೆ ಹಚ್ಚುವವರ ತಾಳ್ಮೆಯೇ ಆ ಕೈಗಳಲ್ಲಿ ಕಾಣುತ್ತಿತ್ತು. ದಂಡವನ್ನು ತಕ್ಕ ಎತ್ತರಕ್ಕೆ ನಿಲ್ಲಿಸಿ, ಸಂದುಗಳನ್ನು ಮಣ್ಣಿನಿಂದ ಮೆತ್ತಿ, ಲೋಹವನ್ನು ಒಂದೇ ಧಾರೆಯಾಗಿ ಎರೆದರು. ನಡುವೆ ನಿಲ್ಲಿಸಿದರೆ ಪದರು ಒಡೆಯುವುದು.

ಆರಿದ ಮೇಲೆ ದಂಡಕ್ಕೆ ನೀಲಿಯನ್ನು ತೆಳ್ಳಗೆ ಸವರಿ, ಕೂಡಿಸಿ ತಿರುಗಿಸಿ, ನೀಲಿ ತಾಕಿದ ಉಬ್ಬುಗಳನ್ನು ಕೀಸುಳಿಯಿಂದ ಕೀಸಿದರು. ಮತ್ತೆ ಸವರಿದರು, ಮತ್ತೆ ಕೀಸಿದರು. ಇಡೀ ಮಧ್ಯಾಹ್ನವೆಲ್ಲ ಇದೇ ಕೆಲಸ. ದಂಡದ ವ್ಯಾಸವು ಒಂದು ಅಂಗುಲವಿದ್ದರೆ ಒಂದು ಅಂಗುಲದ ಸಾವಿರದಲ್ಲೊಂದು ಪಾಲಿನಷ್ಟು ಎಡೆಯನ್ನು ಬಿಡಬೇಕೆಂಬುದು ರೂಢಿಯ ಲೆಕ್ಕ. ಎಣ್ಣೆಯು ಹೊಗುವ ಜಾಗವೇ ಅದು. ಹೆಚ್ಚು ಬಿಟ್ಟರೆ ದಂಡವು ಅಲುಗಾಡುವುದು, ಕಡಿಮೆ ಬಿಟ್ಟರೆ ಸುಡುವುದು. ಮಗನು ಮೊದಮೊದಲು ದೂರ ನಿಂತಿದ್ದವನು, ಸಾಯಂಕಾಲದ ಹೊತ್ತಿಗೆ ಕೀಸುಳಿಯನ್ನು ತಾನೇ ಹಿಡಿದಿದ್ದನು.

ಓಡುವ ಯಂತ್ರಕ್ಕೆ ಕೈಯಿಡಬೇಡಿರಿ

ಅಜ್ಜನವರ ಎಡಗೈಯ ಕಿರುಬೆರಳು ಅರ್ಧವೇ ಇರುವುದನ್ನು ನಾವು ಆಗಲೇ ಗಮನಿಸಿದ್ದೆವು. ಕೇಳಲು ಸಂಕೋಚವಾಯಿತು. ಅವರೇ ಹೇಳಿದರು. ಹರೆಯದಲ್ಲಿ, ಬೇರೊಬ್ಬರ ಅಂಗಡಿಯಲ್ಲಿ, ಯಂತ್ರವನ್ನು ನಿಲ್ಲಿಸಿದರೆ ಹೊತ್ತು ಹೋಗುವುದೆಂದು ಓಡುತ್ತಿರುವಾಗಲೇ ಎಣ್ಣೆ ಹಾಕಲು ಬಾಗಿದರಂತೆ. ಅಂಗಿಯ ತೋಳು ಪಟ್ಟಾದೊಳಗೆ ಸಿಕ್ಕಿತು. “ಮಷೀನು ನಿಂತಾಗ ಕುಡಿಸಿದ್ರ ಎಣ್ಣಿ ಕುಡೀತೈತ್ರಿ; ಓಡುವಾಗ ಕುಡಿಸಾಕ ಹೋದ್ರ ರಕ್ತ ಕುಡೀತೈತಿ” ಎಂದರು.

೧೯೪೮ರ ಫ್ಯಾಕ್ಟರಿ ಕಾಯಿದೆಯು ಈ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಓಡುವ ಯಂತ್ರವನ್ನು ಪರೀಕ್ಷಿಸುವುದೂ ಅದಕ್ಕೆ ಎಣ್ಣೆ ಹಾಕುವುದೂ ಅನಿವಾರ್ಯವಾದರೆ, ಮೈಗೆ ಬಿಗಿಯಾದ ಉಡುಪು ತೊಟ್ಟ, ವಿಶೇಷ ಶಿಕ್ಷಣ ಪಡೆದ ಕೆಲಸಗಾರನೇ ಮಾಡಬೇಕೆಂದು ಅದು ವಿಧಿಸಿತ್ತು. ಸಣ್ಣ ಅಂಗಡಿಗಳಿಗೆ ಕಾಯಿದೆಯು ತಲುಪದಿರಬಹುದು. ಪಟ್ಟಾ ಮಾತ್ರ ದೊಡ್ಡ ಅಂಗಡಿ, ಸಣ್ಣ ಅಂಗಡಿಯೆಂದು ನೋಡುವುದಿಲ್ಲ. ಗುಂಡಿಯನ್ನು ಒತ್ತಿ ನಿಲ್ಲಿಸಿದರೆ ಸಾಲದು. ಪ್ಲಗ್ಗನ್ನೋ ಫ್ಯೂಜನ್ನೋ ಕಿತ್ತು ಜೇಬಿನಲ್ಲಿ ಇಟ್ಟುಕೊಂಡೇ ಎಣ್ಣೆಯ ಡಬ್ಬಿಗೆ ಕೈ ಹಾಕತಕ್ಕದ್ದು.

ಬೆಂಕಿಯ ಭಯವೂ ಇಲ್ಲಿ ಸಣ್ಣದಲ್ಲ. ಕಾದ ಬೇರಿಂಗಿನ ಮೇಲೆ ಬಿದ್ದ ಹೊಟ್ಟು ಮೆಲ್ಲಗೆ ಹೊಗೆಯಾಡುತ್ತಿದ್ದು, ರಾತ್ರಿ ಎಲ್ಲರೂ ಮಲಗಿದಾಗ ಉರಿದೇಳಬಹುದು. ಅಗಸೆ ಎಣ್ಣೆಯನ್ನು ಒರಸಿದ ಬಟ್ಟೆಯ ಮುದ್ದೆಯು ಯಾರೂ ಕಿಡಿ ಸೋಕಿಸದಿದ್ದರೂ ತಾನಾಗಿಯೇ ಕಾದು ಹೊತ್ತಿಕೊಳ್ಳುವುದು. ಇದು ಮನೆಯಲ್ಲಿ ಬಾಗಿಲಿಗೆ ಎಣ್ಣೆ ಹಚ್ಚುವವರೂ ನೆನಪಿಡಬೇಕಾದ ಮಾತು. ಅಂತಹ ಬಟ್ಟೆಯನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಬೇಕು.

ನಿತ್ಯದ ವಿಧಿ, ಅಮಾವಾಸ್ಯೆಯ ವಿಧಿ

ಅಜ್ಜನವರು ಹೇಳಿದುದನ್ನೂ ಯಂತ್ರಶಾಸ್ತ್ರವು ಒಪ್ಪುವುದನ್ನೂ ಕೂಡಿಸಿ ಇಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ.

೧. ದಿನವೂ ಬೆಳಿಗ್ಗೆ, ವಿದ್ಯುತ್ತನ್ನು ಕೊಡುವ ಮೊದಲು, ಬಟ್ಟಲುಗಳಿಗೆ ಎಣ್ಣೆ ಹಾಕಿ, ಅಲಗುಗಳಿಂದ ಕೈಯನ್ನು ದೂರವಿಟ್ಟು, ಪುಲಿಯನ್ನು ಹಿಡಿದು ದಂಡವನ್ನು ನಾಲ್ಕಾರು ಸುತ್ತು ತಿರುಗಿಸಬೇಕು. ಎಣ್ಣೆಯು ಒಳಗೆ ಹರಡಿದ ಮೇಲೆಯೇ ಯಂತ್ರವನ್ನು ಹೊರಡಿಸಬೇಕು.

೨. ಕೆಲಸದ ನಡುವೆ ಯಂತ್ರವನ್ನು ನಿಲ್ಲಿಸಿ ಬೇರಿಂಗಿನ ಮನೆಯನ್ನು ಮುಟ್ಟಿ ನೋಡಬೇಕು. ಐದಾರು ಎಣಿಸುವವರೆಗೆ ಕೈ ತಾಳಿದರೆ ಚಿಂತೆಯಿಲ್ಲ. ತಾಳದಿದ್ದರೆ ಕಾರಣವನ್ನು ಹುಡುಕಬೇಕು. ಹೊಸ ಸದ್ದು, ಹೊಸ ನಾತ, ಹೊಸ ನಡುಕ ಇವು ಮೂರೂ ಯಂತ್ರದ ದೂರುಗಳೆಂದು ತಿಳಿಯತಕ್ಕದ್ದು.

೩. ಸಂಜೆ ಹೊಟ್ಟನ್ನೆಲ್ಲ ಗುಡಿಸಿ, ಬೀಡಿನ ಮೇಜನ್ನು ಒರಸಬೇಕು. ಹಸಿಯ ಜಾಲಿಯ ಹಲಗೆಯನ್ನು ಅದರ ಮೇಲೆ ಬಿಟ್ಟುಹೋಗಬಾರದು. ಜಾಲಿಯ ಒಗರು ಕಬ್ಬಿಣದೊಡನೆ ಕೂಡಿ ಮೇಜಿಗೂ ಮರಕ್ಕೂ ಕಪ್ಪು ಕಲೆಯನ್ನು ಮಾಡುವುದು. ಮೇಜಿಗೆ ಎಣ್ಣೆಯ ಬದಲು ಮೇಣವನ್ನು ತಿಕ್ಕಿದರೆ ಮರವು ಸಲೀಸಾಗಿ ಜಾರುವುದು, ಬಣ್ಣ ಹಿಡಿಯುವುದಕ್ಕೂ ತೊಡಕಾಗದು.

೪. ಎತ್ತರ ತಗ್ಗು ಮಾಡುವ ತಿರುಪುಗಳು ಹೊಟ್ಟು ಬೀಳುವಲ್ಲಿರುವುದರಿಂದ ಅವಕ್ಕೆ ಗ್ರೀಸನ್ನು ಬಳಿಯಬಾರದು. ಹೊಟ್ಟು ಅಂಟಿ ಗಟ್ಟಿಯಾಗುವುದು. ಒಣಗಿದ ಗ್ರಾಫೈಟಿನ ಪುಡಿಯಾಗಲಿ ಮೇಣವಾಗಲಿ ಸಾಕು.

೫. ಚರ್ಮದ ಪಟ್ಟಾ ಒಣಗಿ ಬಿರಿಯದಂತೆ ಆಗಾಗ ಔಡಲೆಣ್ಣೆಯನ್ನು ಸ್ವಲ್ಪವೇ ಕುಡಿಸಬಹುದು. ರಬ್ಬರಿನ ಪಟ್ಟಾಕ್ಕೆ ಮಾತ್ರ ಯಾವ ಎಣ್ಣೆಯೂ ಸೋಕಬಾರದು. ರಬ್ಬರು ಉಬ್ಬಿ ಕೆಡುವುದು.

೬. ಪಟ್ಟಿ ಗರಗಸವಿದ್ದವರು ರಾತ್ರಿ ಅದರ ಬಿಗಿತವನ್ನು ಸಡಿಲಿಸಬೇಕು. ಗಾಲಿಗಳ ರಬ್ಬರಿನ ಮೇಲೆ ಕೂಡುವ ಮರದ ಅಂಟನ್ನು ಕೆರೆದು ತೆಗೆಯಬೇಕು.

೭. ಅಮಾವಾಸ್ಯೆಯ ದಿನ ನಮ್ಮ ಕಡೆಯ ಅನೇಕ ಬಡಿಗರೂ ಕಮ್ಮಾರರೂ ಕೆಲಸವನ್ನು ನಿಲ್ಲಿಸಿ ಆಯುಧಗಳಿಗೆ ಪೂಜೆ ಮಾಡುವರು. ಹೂವೇರಿಸುವ ಮೊದಲು ಬೇರಿಂಗುಗಳ ಟೊಪ್ಪಿಗೆಯನ್ನು ಬಿಚ್ಚಿ, ಸೀಮೆಎಣ್ಣೆಯಿಂದ ತೊಳೆದು, ಒಣಗಿಸಿ, ಹೊಸ ಎಣ್ಣೆಯನ್ನು ಹಾಕಿದರೆ ಪೂಜೆಯು ಸಾಂಗವಾದಂತೆಯೇ ಸರಿ. ತಿಂಗಳಿಗೊಮ್ಮೆ ತಪ್ಪದೆ ಬರುವ ತಿಥಿಗಿಂತ ಒಳ್ಳೆಯ ನೆನಪು ಬೇರೆ ಯಾವುದಿದೆ?

ಗೃಹಸ್ಥರು ತಮ್ಮ ಹೊಲಿಗೆಯ ಯಂತ್ರಕ್ಕೂ, ಸೈಕಲ್ಲಿಗೂ, ಬಾವಿಯ ರಾಟೆಗೂ ಇದೇ ತತ್ತ್ವವನ್ನು ಅನ್ವಯಿಸಬಹುದು: ಮೊದಲು ಒರಸುವುದು, ಆಮೇಲೆ ತಕ್ಕ ಎಣ್ಣೆ, ಅದೂ ಹನಿಯಷ್ಟೇ, ಮತ್ತು ಯಂತ್ರವು ನಿಂತಿರುವಾಗ.

ಘರ್ಷಣೆಯು ಮಿತ್ರನೂ ಹೌದು

ಘರ್ಷಣೆಯನ್ನು ಶತ್ರುವೆಂದೇ ಬೈಯುವುದು ನ್ಯಾಯವಲ್ಲ. ಚನ್ನಪಟ್ಟಣದ ಗೊಂಬೆಗಳನ್ನು ಕಡೆಯುವವರು ಹಾಲೆಯ ಮರವನ್ನು ಯಂತ್ರದಲ್ಲಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುವರು. ಆ ಉಜ್ಜುವಿಕೆಯ ಶಾಖದಿಂದಲೇ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ತಾಳೆಯ ಗರಿಯನ್ನು ಒತ್ತಿ ಹೊಳಪನ್ನು ಕೊಡುವರು. ಒಂದೇ ಯಂತ್ರದಲ್ಲಿ ಮರದ ಮೇಲೆ ಘರ್ಷಣೆ ಬೇಕು, ಬೇರಿಂಗಿನಲ್ಲಿ ಬೇಡ. ಎಲ್ಲಿ ಬೇಕು, ಎಲ್ಲಿ ಬೇಡವೆಂಬುದನ್ನು ಅರಿತವನೇ ಕುಶಲನು. ಗಿಣಿಗೇರಾಕ್ಕೆ ದೂರವಲ್ಲದ ಕಿನ್ನಾಳದ ಚಿತ್ರಗಾರರಾದರೋ ಹಗುರವಾದ ಮರವನ್ನು ಕೈಯಿಂದಲೇ ಕೆತ್ತಿ ಗೊಂಬೆಗಳಿಗೆ ರೂಪು ಕೊಟ್ಟು ಹೆಸರಾದವರು. ಕೈಯಾಗಲಿ ಯಂತ್ರವಾಗಲಿ, ಸಲಕರಣೆಯನ್ನು ಸಾಕಿಕೊಳ್ಳದವನ ಕಸುಬು ನಿಲ್ಲದು.

ಹಳೆಯ ಯಂತ್ರವೆಂದರೆ ಕೆಟ್ಟ ಯಂತ್ರವೆಂದು ಅರ್ಥವಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ, ಹಾಯಿಹಡಗುಗಳ ರಾಟೆಗಳನ್ನು ಮಾಡುವುದಕ್ಕಾಗಿ ಬ್ರುನೆಲ್ ಎಂಬವನು ಯೋಜಿಸಿದ ಮರಗೆಲಸದ ಯಂತ್ರಗಳನ್ನು ಮಾಡ್‌ಸ್ಲೇ ಎಂಬವನು ಕಟ್ಟಿಕೊಟ್ಟನು. ೧೧೦ ಜನರು ಮಾಡುತ್ತಿದ್ದ ಕೆಲಸವನ್ನು ೧೦ ಜನರು ಮಾಡುವಂತಾಯಿತೆಂದು ಹೇಳುವರು. ಆ ಯಂತ್ರಗಳಲ್ಲಿ ಕೆಲವು ಒಂದು ಶತಮಾನಕ್ಕೂ ಮೀರಿ ದುಡಿದವು. ಲೋಹವು ಮುಪ್ಪಿನಿಂದ ಸಾಯುವುದು ಅಪರೂಪ; ಅಲಕ್ಷ್ಯದಿಂದ ಸಾಯುವುದೇ ಹೆಚ್ಚು. ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಬೇಕೆಂದು ನಾವು ಹೇಳುವುದಿಲ್ಲ. ಬೀಡು ಬಿರಿದಿದ್ದರೆ, ಅಲಗಿಗೆ ಮರೆಯಿಲ್ಲದೆ ಕೈಗೆ ಅಪಾಯವಾಗಿದ್ದು ಮರೆಯನ್ನು ಕೂಡಿಸಲು ಬಾರದಿದ್ದರೆ, ಅದನ್ನು ಬಿಡುವುದೇ ವಿವೇಕ. ಆದರೆ ಹಾಗೆ ನಿಶ್ಚಯಿಸುವ ಮೊದಲು ಟೊಪ್ಪಿಗೆಯನ್ನು ಬಿಚ್ಚಿ ನೋಡುವಷ್ಟು ತಾಳ್ಮೆಯಾದರೂ ಇರಲಿ.

ಮೇಜಿನ ಮೇಲಿನ ರೂಪಾಯಿ

ಯಂತ್ರವನ್ನು ಮತ್ತೆ ಹೊರಡಿಸಿದ ದಿನ ನಾವೂ ಅಲ್ಲಿದ್ದೆವು. ಮೊದಲು ಬರಿದಾಗಿ ಸ್ವಲ್ಪ ಹೊತ್ತು ಓಡಿಸಿದರು, ನಿಲ್ಲಿಸಿ ಮುಟ್ಟಿ ನೋಡಿದರು, ಎಣ್ಣೆ ಹಾಕಿದರು, ಮತ್ತೆ ಓಡಿಸಿದರು. ಹೀಗೆ ನಾಲ್ಕು ಸಲ ಆಯಿತು. ಬೇರಿಂಗು ಬೆಚ್ಚಗಾಯಿತಲ್ಲದೆ ಸುಡಲಿಲ್ಲ. ಆಗ ಅಜ್ಜನವರು ಜೇಬಿನಿಂದ ಒಂದು ರೂಪಾಯಿಯ ನಾಣ್ಯವನ್ನು ತೆಗೆದು, ಅಲಗಿನಿಂದ ದೂರವಾಗಿ ಮೇಜಿನ ತುದಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿದರು. ಯಂತ್ರವು ಗುಂಯ್‌ಗುಡುತ್ತ ಓಡುತ್ತಿದ್ದಿತು. ನಾಣ್ಯವು ನಿಂತೇ ಇತ್ತು.

ಮಗನು ಏನೂ ಹೇಳಲಿಲ್ಲ. ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಕಿತ್ತು, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಮುಂದಿನ ಅಮಾವಾಸ್ಯೆಯ ದಿನಾಂಕವನ್ನು ಬರೆದನು. ಅದರ ಕೆಳಗೆ ಕೈಕೆಲಸದ ಹುಡುಗನ ಹೆಸರನ್ನೂ ಬರೆದು, ಎಣ್ಣೆಯ ಡಬ್ಬಿಯನ್ನು ಅವನ ಕೈಯಲ್ಲಿ ಕೊಟ್ಟನು. ಹುಡುಗನು ಡಬ್ಬಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡನು.

ನಮ್ಮ ಬಾಗಿಲು ದಸರೆಗೆ ಎರಡು ದಿನ ಮುಂಚೆ ಕೂಡಿತು. ಅದರ ಕೀಲುಗಳಿಗೆ ಯಾವ ಎಣ್ಣೆಯನ್ನು ಹಾಕಬೇಕೆಂದು ನಮ್ಮ ಮನೆಯಲ್ಲಿ ಈಗ ಯಾರನ್ನೂ ಕೇಳಬೇಕಾಗಿಲ್ಲ.